ಪೂನ್ ಅಕ್ಕನ ಬಟ್ಟಲಿಗೆ ಬಿದ್ದ ಕೋಳಿ

೯ ಫೆಬ್ರವರಿ ೧೯೫೯

ಅಯ್ಯೋ, ನನ್ನ ಕೈ ಇಂದು ಸುಮ್ಮನಿರಬಾರದಿತ್ತೇ!

ಚೀನೀ ಹೊಸವರ್ಷದ ಊಟಕ್ಕೆ ಮಾವನ ಕಾರ್ಖಾನೆಯ ನೇಕಾರರೆಲ್ಲ ಬಂದಿದ್ದರು. ಮೊನ್ನೆ ನಮ್ಮ ಮದುವೆಗೆ ಹೊದಿಕೆ ನೇಯ್ದುಕೊಟ್ಟ ಪೂನ್ ಅಕ್ಕನ ಬಟ್ಟಲಿಗೆ ಪ್ರೀತಿ ಉಕ್ಕಿ ಕೋಳಿಯ ತೊಡೆ ಹಾಕಿದೆ. ಈ ಊಟದಲ್ಲಿ ಯಜಮಾನರ ಮನೆಯವರು ಕೋಳಿ ಬಡಿಸಿದರೆ ಕೆಲಸ ಹೋಯಿತೆಂದೇ ಅರ್ಥವಂತೆ. ಇಂಗ್ಲಿಷ್ ಕಾನ್ವೆಂಟಿನಲ್ಲಿ ಬೆಳೆದ ನನಗೇನು ಗೊತ್ತು?

ಇಂಗ್ಲೆಂಡಿನ ಗಿರಣಿಗಳು ಉಳಿಯಲೆಂದು ಹಾಂಗ್‌ಕಾಂಗ್ 'ಸ್ವಇಚ್ಛೆಯಿಂದ' ಬಟ್ಟೆ ರಫ್ತಿಗೆ ಮಿತಿ ಹಾಕಿಕೊಂಡಿದೆ. ಬೇಡಿಕೆ ಇಳಿದು ನಮ್ಮ ಕಾರ್ಖಾನೆಯಲ್ಲೂ ಒಬ್ಬರು ಹೋಗಲೇಬೇಕಿತ್ತು.

"ಇಂಗ್ಲಿಷ್ ಸೊಸೆ, ಇಂಗ್ಲೆಂಡ್‌ನವ್ರ ಕೆಲ್ಸಾನ ನೀನೇ ಮಾಡಿಬಿಟ್ಯಲ್ಲಮ್ಮ!" ಎಂದು ಪೂನ್ ಅಕ್ಕ ನಕ್ಕಳು. ಕೋಳಿ ಮಾತ್ರ ಮುಟ್ಟಲಿಲ್ಲ.

"ಮಾವ, ಗೊತ್ತಿಲ್ದೆ ಹಾಕ್ದೆ!" ಎಂದೆ. ಅವರು ತಲೆ ತಗ್ಗಿಸಿಯೇ ಊಟ ಮುಂದುವರಿಸಿದರು.

"ಅಳ್ಬೇಡ್ವೇ," ಎಂದ ರಾತ್ರಿ ಕೋಣೆಯಲ್ಲಿ ನನ್ನ ಮುದ್ದು ಗಂಡ ಹಿನ್‌ಕೇ. "ಯಾರನ್ನ ಕೆಲ್ಸದಿಂದ ಬಿಡ್ಸೋದು ಅಂತ ಅಪ್ಪ ವಾರದಿಂದ ನಿದ್ದೆ ಮಾಡಿರ್ಲಿಲ್ಲ."

ಈಗ ಗೋಡೆಯಾಚೆ ಮಾವ ಗೊರಕೆ ಹೊಡೆಯುತ್ತಿದ್ದಾರೆ.