ಏಣಿ ತಾಗಿ ಒಡೆದ ಗಾಜು

ಕೆಳಗಿನ ಬೀದಿ
ಮಂಗಳವಾರ, ಬೆಳಗಿನ ಹೊತ್ತು

ರೀ,

ಊರಿಗೆಲ್ಲ ನೀವು ಗುರುಗಳು. ನನಗೆ ಮಾತ್ರ ಮದುವೆಯಾದಾಗಿನಿಂದ ಬರೀ ‘ರೀ’. ಮನೆ ಬಿಟ್ಟು ಬಂದರೂ ಆ ರೂಢಿ ಹೋಗಿಲ್ಲ, ಏನು ಮಾಡಲಿ!

ಶಾಂತಿ ಸಭೆಗೆ ಬರೆದ ನಿಮ್ಮ ಭಾಷಣ ತಲುಪಿತು. ಓದಿ ನೋಡು, ವೇದಿಕೆಯ ಮೇಲೆ ನನ್ನ ಪಕ್ಕ ಬಂದು ಕೂರು ಅಂತ ಕೇಳಿದ್ದೀರಿ. ಮೊದಲೆಲ್ಲ ನೀವು ಅಡುಗೆಮನೆಯ ಬಾಗಿಲಿಗೆ ಒರಗಿ ಪ್ರವಚನ ಓದುತ್ತಿದ್ದಿರಿ, ನಾನು ಈರುಳ್ಳಿ ಹೆಚ್ಚುತ್ತಿದ್ದೆ. ನನ್ನ ಚಾಕು ಎಲ್ಲಿ ನಿಂತಿತೋ ಆ ಸಾಲನ್ನು ನೀವು ಹೊಡೆದುಹಾಕುತ್ತಿದ್ದಿರಿ. ದೇವರಿಗಿಂತ ನಿನ್ನ ಈರುಳ್ಳಿಗೇ ನಾನು ಹೆದರೋದು ಅಂತ ನಗುತ್ತಿದ್ದಿರಿ. ಈ ಸಲವೂ ಹೆಚ್ಚುತ್ತಲೇ ಓದಿದೆ. ಎರಡನೇ ಸಾಲಿಗೇ ಚಾಕು ನಿಂತಿತು. ‘ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ.’

ಆಗಿದ್ದರೆ ಅಂತೆ! ಬೆಂಕಿಯಲ್ಲಿ ಸತ್ತ ಈ ಬೀದಿಯ ಸೂಲಗಿತ್ತಿಯಮ್ಮ ನಿಮಗೆ ‘ಯಾರೋ’ ಆಗಿಬಿಟ್ಟರೇ? ನಮ್ಮ ಮಗಳನ್ನು ಮೊದಲು ಎತ್ತಿಕೊಂಡ ಕೈ ಅವರದು. ನೀವು ಹೊರಗೆ ದೇವರನ್ನು ಕೂಗುತ್ತಿದ್ದಿರಿ, ಒಳಗೆ ಅವರು ನನ್ನ ಬೆನ್ನು ನೀವುತ್ತಿದ್ದರು.

ಅವತ್ತು ಪ್ರಾರ್ಥನಾ ಮಂದಿರದ ಕಿಟಕಿಗೆ ಬಣ್ಣ ಬಳಿಯುತ್ತಿದ್ದವನು ಅವರ ಮಗನೇ. ಏಣಿ ಜಾರಿ ತಾಗಿ ದೊಡ್ಡ ಗಾಜು ಒಡೆಯಿತು. ಪಾಪ, ನಿಮ್ಮೆದುರು ಕೈಮುಗಿದು ನಿಂತ. ಅವನಿಗೆ ಕುಡಿಯೋಕೆ ನೀರು ತಂದ ನಾನೂ ಅಲ್ಲೇ ಇದ್ದೆ. ಗಾಜು ತಾನೇ, ನಿನಗೇನೂ ಆಗಲಿಲ್ಲವಲ್ಲ ಅಂದಿರಿ. ಇಂಥವರ ಕೈ ಹಿಡಿದೆನಲ್ಲ ಅಂತ ಹಿಗ್ಗಿಬಿಟ್ಟೆ ಕಣ್ರೀ.

ಸಂಜೆ ನಾನು ಅಕ್ಕನ ಮನೆಗೆ ಹೋದೆ. ಚುನಾವಣೆ ಹತ್ತಿರ ಬಂತು, ತಪ್ಪನ್ನು ಈ ಬೀದಿಯವರ ಮೇಲೆ ಹಾಕಿದರೆ ವೋಟು ಬರುತ್ತೆ ಅಂತ ಪುರಸಭೆ ಅಧ್ಯಕ್ಷರು ನಿಮ್ಮ ಕಿವಿ ಊದಿದರು. ಪ್ರಾರ್ಥನೆ ಮುಗಿದ ಮೇಲೆ ನೀವು, ಕೆಳಗಿನ ಬೀದಿಯವರು ನಮ್ಮ ದೇವರ ಮೇಲೆ ಕಲ್ಲೆಸೆದರು ಅಂದಿರಿ. ಅದೊಂದನ್ನು ನನಗೆ ಓದಿ ತೋರಿಸಿರಲಿಲ್ಲ. ನಾನು ಮರಳುವಾಗ ನಿಮ್ಮ ಮಾತು ಕೇಳಿದವರು ಹಚ್ಚಿದ ಬೆಂಕಿಗೆ ಈ ಬೀದಿ ಉರಿಯುತ್ತಿತ್ತು. ತಾಯಿಯನ್ನು ಕಳೆದುಕೊಂಡವನನ್ನೇ ಕಲ್ಲೆಸೆದವನು ಅಂತ ಪೊಲೀಸರು ಎಳೆದೊಯ್ದರು.

ಜನ ತಣ್ಣಗಾಗಲಿ, ನಾನೇ ನಿಜ ಹೇಳ್ತೀನಿ ಅಂದಿರಿ. ನಂಬಿದೆ. ಜನ ತಣ್ಣಗಾದರು, ನೀವೂ ತಣ್ಣಗಾದಿರಿ. ಹೊಸ ಗಾಜು ಬಂತು, ಅದರ ಕೆಳಗೆ ಅಧ್ಯಕ್ಷರ ಹೆಸರೂ ಬಂತು. ಅವತ್ತೇ ನಾನು ಹೊಸಿಲು ದಾಟಿದ್ದು.

ಈಗ ಆ ಹುಡುಗನ ಹೆಂಡತಿಯ ಜೊತೆಗಿದ್ದೇನೆ. ತುಂಬು ಬಸುರಿ. ಗೋಡೆಯ ಮಸಿ ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಅಮ್ಮಾ, ನೀವು ಒಳ್ಳೆಯವರು, ಗುರುಗಳೂ ಒಳ್ಳೆಯವರೇ, ನಿಜ ಗೊತ್ತಾದರೆ ಬಿಡಿಸ್ತಾರೆ ಅಂತ ನನಗೇ ಸಮಾಧಾನ ಹೇಳುತ್ತಾಳೆ. ನಾನು ಎತ್ತ ಮುಖ ಮಾಡಲಿ, ಹೇಳಿ?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಮಗಳಿಗೆ ಕಲಿಸಿದವರು ನೀವೇ. ನಿಮ್ಮ ಭಾಷಣದಲ್ಲಿ ಶಾಂತಿ ಅನ್ನೋದು ಸಾಲಿಗೊಂದಿದೆ, ಏಣಿ ಅನ್ನೋದು ಹುಡುಕಿದರೂ ಇಲ್ಲ. ಎಲ್ಲವನ್ನೂ ಹೊಡೆದುಹಾಕಿದ್ದೇನೆ. ಇಷ್ಟು ಹೇಳಿ ಸಾಕು: ‘ಗಾಜು ಏಣಿ ತಾಗಿ ಒಡೆಯಿತು. ನನಗೆ ಗೊತ್ತಿತ್ತು. ಸುಳ್ಳು ಹೇಳಿದೆ. ಆ ಹುಡುಗನನ್ನು ಬಿಡಿ.’ ಪೀಠ ಹೋಗಬಹುದು, ಜನ ಉಗಿಯಬಹುದು. ಹೋಗಲಿ ಬಿಡಿ! ಇದನ್ನು ಹೇಳಿ ಕೆಳಗಿಳಿದರೆ ಮೆಟ್ಟಿಲ ಬಳಿ ನಾನಿರುತ್ತೇನೆ. ಎಲ್ಲರೆದುರೇ ಕೈ ಹಿಡಿದು ಜೊತೆಗೆ ಬರುತ್ತೇನೆ.

ಇನ್ನೂ ನಿಮ್ಮವಳೇ ಆದ,
ಈರುಳ್ಳಿಯವಳು

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಕಾದು ಕಾದು ಸಾಕಾಗಿ, ನಿನ್ನೆ ನ್ಯಾಯಾಲಯದಲ್ಲಿ ಕಂಡದ್ದನ್ನೆಲ್ಲ ಹೇಳಿ ಸಹಿ ಹಾಕಿ ಬಂದೆ. ಸಭೆಯ ಮಾರನೇ ದಿನ ಅದನ್ನು ಎಲ್ಲರೆದುರು ಓದುತ್ತಾರಂತೆ. ನಿಮಗೆ ತಿಳಿಸದೆ, ನೀವಾಗಿಯೇ ಹೇಳುತ್ತೀರೋ ನೋಡೋಣ ಅಂದುಕೊಂಡಿದ್ದೆ. ಆಗಲಿಲ್ಲ. ಊರೆದುರು ನೀವು ಸಿಕ್ಕಿಬೀಳೋದನ್ನು ನೋಡೋ ಶಕ್ತಿ ನನಗಿಲ್ಲ. ಇನ್ನು ನೀವು ನಿಜ ಹೇಳಿದರೂ, ದೇವರಿಗೆ ಹೆದರಿ ಹೇಳಿದ್ದೋ ನನ್ನ ಸಹಿಗೆ ಹೆದರಿ ಹೇಳಿದ್ದೋ, ಸಾಯೋವರೆಗೂ ನನಗೆ ಗೊತ್ತಾಗೋದಿಲ್ಲ.