ದಿದುಮೆಯಜ್ಜಿಯನ್ನು ಕೇಳಿದ ಹೆಸರು

ಆಕ್ಸಿರಿಂಕಸ್,
ಎಪೆಪ್ ತಿಂಗಳ ಇಪ್ಪತ್ತು

ಪ್ರೀತಿಯ ತಂಗಿ ಸರಪಿಯಾಸ್‌ಗೆ ಅಕ್ಕನ ನೆನಪುಗಳು. ಮೆಂಫಿಸ್‌ನಲ್ಲಿ ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಬಲಗೈಯ ಮೂರು ಬೆರಳು ಮುರಿದಿವೆ. ಇದು ಎಡಗೈ ಬರಹ, ನಿಧಾನವಾಗಿ ಓದಿಕೋ.

ದಿದುಮೆಯಜ್ಜಿ ತೀರಿಹೋದರು. ನಮ್ಮಿಬ್ಬರಿಗೂ ದೀಕ್ಷಾಸ್ನಾನ ಮಾಡಿಸಿ ನೆತ್ತಿಗೆ ಎಣ್ಣೆ ಹಚ್ಚಿದವರು ಅವರೇ ಅಲ್ಲವೆ? ದೇವತೆಗಳಿಗೆ ಧೂಪ ಹಾಕದವರನ್ನು ಹಿಡಿಯಿರಿ ಎಂದು ಚಕ್ರವರ್ತಿಯ ಆಜ್ಞೆ ಬಂದ ವಾರವೇ ನಮ್ಮ ಕ್ರೈಸ್ತ ಸಭೆಯ ಹಿರಿಯರೆಲ್ಲ ಮರುಭೂಮಿಗೆ ಓಡಿದರು. ಅಜ್ಜಿಯನ್ನೂ ಕರೆದರು. “ಹಾಸಿಗೆ ಹಿಡಿದೋರ್ನ ಯಾರು ನೋಡ್ತಾರೆ? ನೀವ್ ಹೋಗ್ರಪ್ಪ, ನಿಮ್ ಜೀವ ದೊಡ್ದು” ಎಂದರು ಅಜ್ಜಿ. ಅಂದಿನಿಂದ ಪ್ರಾರ್ಥನೆ ನಡೆಸಿದ್ದು, ರೊಟ್ಟಿ ಮುರಿದು ಹಂಚಿದ್ದು, ಸತ್ತವರನ್ನು ಹೂಳಿದ್ದು ಎಲ್ಲ ಅವರೇ. ನಾನು ಜೊತೆಗಿದ್ದೆ.

ನಾವು ಪ್ರಾರ್ಥನೆಗೆ ಸೇರುತ್ತಿದ್ದ ನೇಯ್ಗೆಯ ಚಪ್ಪರಕ್ಕೆ ಸೈನಿಕರು ನುಗ್ಗಿದ್ದು ಮಟಮಟ ಮಧ್ಯಾಹ್ನ. ಅಜ್ಜಿಯನ್ನು ಕೂದಲು ಹಿಡಿದು ಬೀದಿಯುದ್ದ ಎಳೆದರು, ನನ್ನನ್ನೂ. ಕಚೇರಿಯ ಅಂಗಳದಲ್ಲಿ ಅವರನ್ನು ಕಂಬಕ್ಕೆ ಕಟ್ಟಿದರು.

“ನಿಮ್ ಮುಖ್ಯಸ್ಥ ಯಾರು?” ಎಂದ ಅಧಿಕಾರಿ.

“ನಾನೇ ಕಣಪ್ಪ.”

ಅವನು ನಕ್ಕ. “ಏ ಮುದುಕಿ, ಗಂಡಸಿನ ಹೆಸರು ಹೇಳು.”

“ಗಂಡಸ್ರು ಬೇಕಿದ್ರೆ ಹೋಗಿ ಹುಡುಕ್ಕೋ. ಇಲ್ಲಿ ನಡೆಸ್ತಿರೋಳು ನಾನು.”

ಸೀಸದ ಗುಂಡು ಕಟ್ಟಿದ ಚಾವಟಿ ತಂದರು. ಮತ್ತೆ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಸುಳ್ಳು ಹೇಳುತ್ತಾಳೆಂದು ಹೊಡೆದರು, ಸರಪಿಯಾಸ್, ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಹೆಗಲಿನ ಎಲುಬು ಬಿಳಿಯಾಗಿ ಕಂಡಿತು. ಆಮೇಲೆ ಅವರ ಕಣ್ಣೆದುರೇ ನನ್ನ ಬೆರಳುಗಳನ್ನು ಹಲಗೆಯ ಸಂದಿನಲ್ಲಿಟ್ಟು ಒಂದೊಂದಾಗಿ ಮುರಿದರು. ಅಜ್ಜಿ ಅತ್ತದ್ದು ಆಗ ಮಾತ್ರ. “ಅವಳನ್ನ ಬಿಡ್ರೋ, ನಾನ್ ನಿಜಾನೇ ಹೇಳ್ತಿದೀನಿ.”

ಸಂಜೆಯ ಹೊತ್ತಿಗೆ ಕಂಬದಲ್ಲೇ ಪ್ರಾಣ ಹೋಯಿತು. ನನ್ನನ್ನು ಬಿಟ್ಟುಬಿಟ್ಟರು. ಮರುದಿನ ಇಬ್ಬರು ಹೆಂಗಸರ ಜೊತೆ ಹೋಗಿ ಅವರನ್ನು ಮಣ್ಣು ಮಾಡಿದೆ. ಪ್ರಾರ್ಥನೆಯನ್ನು ಆ ಹೆಂಗಸರಿಗೇ ಬಿಟ್ಟು ನಾನು ಎಡಗೈಯಿಂದ ಮಣ್ಣು ಎಳೆದೆ.

ಪ್ರಭು ನಿನ್ನ ಮನೆಯನ್ನು ಕಾಪಾಡಲಿ. ಮಕ್ಕಳ ತಲೆ ಸವರು.

ನಿನ್ನ ಅಕ್ಕ,
ತೌಸಿರಿಸ್

ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯವಾಗಲಿಲ್ಲ: ನಾಲ್ಕನೆಯ ಬೆರಳು ಹಿಡಿದಾಗ ನಾನೊಂದು ಹೆಸರು ಹೇಳಿದೆ. ನಿನ್ನ ಗಂಡ ಕೊಪ್ರೆಸ್‌ನ ಹೆಸರು. ದೂರದಲ್ಲಿದ್ದಾನೆ, ಸಿಗುವುದಿಲ್ಲ ಎಂದುಕೊಂಡೆ. ನಮ್ಮ ಸಭೆಯ ಹೊಸಿಲನ್ನೂ ತುಳಿಯದವನು. ಈ ಪತ್ರ ತಂದವನ ಜೊತೆಯಲ್ಲೇ ಅವನನ್ನು ಎಲ್ಲಿಗಾದರೂ ಕಳುಹಿಸು. ಹೇಳಿದವಳು ನಾನೆಂದು ಅವನಿಗೂ ತಿಳಿಸು. ಆ ಅಧಿಕಾರಿ ಕೂಡಲೇ ನಂಬಿದ. “ಮುಖ್ಯಸ್ಥ ಕೊಪ್ರೆಸ್, ದೋಣಿಯವನು. ದಿದುಮೆ ಅವನ ಆಳು” ಎಂದು ಬರೆದುಕೊಂಡ ಗುಮಾಸ್ತ ಅದನ್ನು ಗಟ್ಟಿಯಾಗಿ ಓದಿದ. ಅಜ್ಜಿಗೆ ಇನ್ನೂ ಉಸಿರಿತ್ತು. “ಅಲ್ಲ” ಎಂದರು. ಯಾರೂ ತಿದ್ದಲಿಲ್ಲ.