ಮೊದಲು ಯಾವ ಔಷಧಿ

ಫೆಬ್ರವರಿ 11, ಸೋಮವಾರ

ಇವತ್ತೂ ಮೀನಿನ ಅಂಗಡಿ ತೆಗೆಯಲಿಲ್ಲ. ಆಸ್ಪತ್ರೆ. ನನ್ನ ಗಂಡ ಅಗೋಲ ತಾನೇ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡ. ಕುರುಡ ಮಾಡಿದ ಇಸ್ತ್ರಿ ಅಂದರೆ ನಮ್ಮ ಕಿಸುಮು ಊರಿನಲ್ಲಿ ಯಾರೂ ನಂಬುವುದಿಲ್ಲ. ಒಂದು ಸುಕ್ಕಿಲ್ಲ.

ಡಾಕ್ಟರ್ ಚೆಮುಟಾಯ್ ಸುತ್ತಿಬಳಸಿ ಮಾತಾಡುವವರಲ್ಲ. ಹೋದ ವರ್ಷ ಕರುಳಿನ ಗಡ್ಡೆ ತೆಗೆದರು. ಅದು ಈಗ ಲಿವರ್‌ನಲ್ಲಿ ಕೂತಿದೆ. ವಾಸಿಯಾಗುವುದಿಲ್ಲ, ತಡೆದು ಹಿಡಿಯಬಹುದು. ಇಲ್ಲಿ ಸಿಗುವ ದೊಡ್ಡ ಔಷಧಿ ಎರಡು. ಮೊದಲು ಆಕ್ಸಾಲಿಪ್ಲಾಟಿನ್. ಅದು ಸೋತರೆ ಇರಿನೊಟೆಕಾನ್. ಅದೂ ಸೋತರೆ... ಪೆನ್ನಿನ ಕ್ಯಾಪ್ ಹಾಕಿಬಿಟ್ಟರು.

"ಮೊದಲನೇದ್ರಿಂದ ಕೈಕಾಲು ಬೆರಳು ಜೋಮು ಹಿಡಿಯುತ್ತೆ ಮೇಷ್ಟ್ರೇ. ಕೆಲವರಿಗೆ ಸ್ಪರ್ಶ ವಾಪಸ್ ಬರೋದೇ ಇಲ್ಲ. ಶರಟಿನ ಗುಂಡಿ ಹಾಕೋದಕ್ಕೆ ಕಷ್ಟ ಆಗಬಹುದು, ಅಷ್ಟೇ."

ಅಗೋಲ ಎರಡೂ ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡ. ಮಕ್ಕಳು ಚಾಕಲೇಟ್ ಬಚ್ಚಿಡುವ ಹಾಗೆ.

"ಗುಂಡಿ ಇವಳು ಹಾಕ್ತಾಳೆ ಡಾಕ್ಟರೇ. ಓದೋದು ಯಾರು?"

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಪ್ಪು ಕನ್ನಡಕ, ಬಿಳಿ ಕೋಲು, ಎಲ್ಲ ಎದುರಿಗೇ ಇತ್ತು. ಆದರೂ.

"ಒಂದು ವಾರ ಟೈಮ್ ಕೊಡಿ" ಅಂದರು.

ಫೆಬ್ರವರಿ 12

ಸಂಜೆ ಕರೆಂಟ್ ಇರಲಿಲ್ಲ. ಇಡೀ ಬೀದಿ ಕತ್ತಲು. ಅಗೋಲ ಮಾತ್ರ ಓದುತ್ತ ಕೂತಿದ್ದ. ಐದು ವರ್ಷದವನಿದ್ದಾಗ ದಡಾರ ಬಂದು ಕಣ್ಣು ಹೋಯಿತು. ಅಮ್ಮನ ಮುಖ ನೆನಪಿಲ್ಲವಂತೆ. ಮೊದಲು ಬೆರಳಿನಿಂದ ಮುಟ್ಟಿ ಓದಿದ ಬ್ರೈಲ್ ಪದ ನೆನಪಿದೆಯಂತೆ — 'ಮರ'.

ಬೆರಳು ಹೋದರೆ ಹೋಗಲಿ, ಜೀವ ಇರಲಿ ಅಂತ ನನಗೆ. ಬಾಯಿಬಿಟ್ಟು ಹೇಳಲಿಲ್ಲ.

ಫೆಬ್ರವರಿ 18, ಸೋಮವಾರ

ಡಾಕ್ಟರ್ ನೈರೋಬಿಯ ದೊಡ್ಡ ಡಾಕ್ಟರರನ್ನೂ ಕೇಳಿದ್ದಾರೆ.

"ಇರಿನೊಟೆಕಾನ್ ಮೊದಲು ಕೊಡಬಹುದು. ನಿಮ್ಮ ಥರದ ಕ್ಯಾನ್ಸರಿಗೆ ಯಾವುದು ಮುಂದೆ, ಯಾವುದು ಹಿಂದೆ ಅನ್ನೋದ್ರಿಂದ ಆಯುಸ್ಸಲ್ಲಿ ಅಂಥ ವ್ಯತ್ಯಾಸ ಇಲ್ಲ. ಆದ್ರೆ ಒಂದು ವಿಷ್ಯ. ಎರಡನೇದು ತಗೊಳ್ಳೋ ಹೊತ್ತಿಗೆ ಎಷ್ಟೋ ಜನರ ಮೈಯಲ್ಲಿ ಕಸುವೇ ಇರಲ್ಲ. ಗ್ಯಾರಂಟಿಯಾಗಿ ಸಿಗೋದು ಮೊದಲನೇದು ಮಾತ್ರ ಅಂದ್ಕೊಳ್ಳಿ."

"ಬೆರಳು?"

"ಬೆರಳಿಗೆ ಏನೂ ಆಗಲ್ಲ. ಕೂದಲು ಉದುರುತ್ತೆ. ಭೇದಿ ಆಗುತ್ತೆ, ಜೋರಾಗಿ."

"ಕೂದಲು ಇದೆಯೋ ಇಲ್ವೋ ನಾನೇನು ಕನ್ನಡೀಲಿ ನೋಡ್ತೀನಾ?"

ಡಾಕ್ಟರ್ ನಕ್ಕರು. ನಾನೂ ನಕ್ಕೆ, ಅಳು ಬರುತ್ತಿತ್ತು. ಇವತ್ತೇ ಸಹಿ ಹಾಕಿದ.

ಮಾರ್ಚ್ 3, ಭಾನುವಾರ

ಸಾಲೋಮೆ ಅತ್ತಿಗೆ ಬಂದಿದ್ದರು, ಅವನ ಅಕ್ಕ. ಚರ್ಚಿನಿಂದ ನೇರ. ಕೂರುವ ಮೊದಲೇ ಶುರು.

"ಎಲ್ಲರಿಗೂ ಕೊಡೋ ಔಷಧಿ ನಿಂಗೆ ಬೇಡವಂತೆ? ಓದಬೇಕಂತೆ ದೊರೆ! ಸತ್ತ ಮೇಲೆ ಯಾವ ಪುಸ್ತಕ ಓದ್ತೀಯೋ?"

"ಅದಕ್ಕೇ ಈಗ ಓದ್ತಿರೋದು ಅಕ್ಕ."

"ನೀನಾದ್ರೂ ಹೇಳಬಾರದೇನೇ ರೋಸ್ಲಿಡಾ? ಬಾಯಲ್ಲೇನು ಉಗಾಲಿ ಮುದ್ದೆ ಇಟ್ಕೊಂಡಿದ್ಯಾ?"

ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ. ಅತ್ತಿಗೆ ಆಡಿದ್ದು ನನ್ನ ಮಾತೇ.

ಏಪ್ರಿಲ್ 9

ಭೇದಿ ಅಂದರೆ ಇಷ್ಟು ಅಂತ ಗೊತ್ತಿರಲಿಲ್ಲ. ಪಾಯಿಖಾನೆ ಅಂಗಳದ ಆ ತುದಿ. ಮನೆಯಿಂದ ಅಲ್ಲಿಗೆ ಹಗ್ಗ ಕಟ್ಟಿದ್ದೇನೆ, ಹಿಡಿದುಕೊಂಡು ಹೋಗಲಿ ಅಂತ. ಹಗ್ಗ ಸಿಕ್ಕರೂ ಒಮ್ಮೊಮ್ಮೆ ಹೊತ್ತು ಸಿಗುವುದಿಲ್ಲ. ಇವತ್ತು ಅರ್ಧ ದಾರಿಯಲ್ಲೇ ನಿಂತುಬಿಟ್ಟ. "ಹತ್ತಿರ ಬರಬೇಡ" ಅಂತ ಕೂಗಿದ. ಹೋದೆ. ತೊಳೆದೆ.

ಮಧ್ಯಾಹ್ನ ಒಂದಿಷ್ಟು ಗಂಜಿ ಕುಡಿದ. ಆಮೇಲೆ ಪುಸ್ತಕ ಎದೆ ಮೇಲೆ ಇಟ್ಟುಕೊಂಡು ಓದಿದ. ಮುಖ ನೋಡಿದೆ. ಆ ಹೊತ್ತಿಗೆ ರೋಗಿಯ ಮುಖವಲ್ಲ ಅದು.

ಏಪ್ರಿಲ್ 30

ಬಟ್ಟೆ ಒಗೆದೆ. ಇನ್ನೇನು ಬರೆಯಲಿ.

ಆಗಸ್ಟ್ 19, ಸೋಮವಾರ

ಬರೆದೇ ಇರಲಿಲ್ಲ. ಔಷಧಿ ಕೆಲಸ ಮಾಡುತ್ತಿತ್ತು. ಗಡ್ಡೆ ಬೆಳೆಯದೆ ನಿಂತಿತ್ತು. ಅವನು ಶಾಲೆಗೂ ಹೋಗಿಬಂದ, ಮಕ್ಕಳಿಗೆ ಪಾಠ ಮಾಡಿದ. ಬರೆದರೆ ದೃಷ್ಟಿಯಾದೀತು ಅಂತ ಸುಮ್ಮನಿದ್ದೆ.

ಇವತ್ತು ಸ್ಕ್ಯಾನ್ ನೋಡಿ ಡಾಕ್ಟರ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಆಗಲೇ ಗೊತ್ತಾಯಿತು. ಲಿವರ್‌ನಲ್ಲಿ ಬೆಳೆದಿದೆ, ಹೊಸದೂ ಬಂದಿದೆ.

"ಇನ್ನು ಉಳಿದಿರೋದು ಆಕ್ಸಾಲಿಪ್ಲಾಟಿನ್ ಒಂದೇ ಮೇಷ್ಟ್ರೇ. ಮೈಯಲ್ಲಿ ಕಸುವಿದೆ. ತಗೋಬಹುದು. ಬೇಡ ಅಂದ್ರೂ ನಾನು ಬೇಜಾರು ಮಾಡ್ಕೊಳ್ಳಲ್ಲ."

ಬೇಡ ಅನ್ನುತ್ತಾನೆ ಅಂದುಕೊಂಡಿದ್ದೆ. ತಲೆ ತಗ್ಗಿಸಿ ಹೇಳಿದ, ತಪ್ಪು ಮಾಡಿದವನ ಹಾಗೆ:

"ಕೊಡಿ. ದೊಡ್ಡ ಮಾತಾಡಿದ್ದೆ ಆವತ್ತು. ಈಗ ಭಯ ಆಗ್ತಿದೆ."

ಮತಾಟು ವ್ಯಾನಿನಲ್ಲಿ ವಾಪಸ್ ಬರುವಾಗ ನನ್ನ ಕೈ ಬಿಡಲೇ ಇಲ್ಲ.

ಸೆಪ್ಟೆಂಬರ್ 6

ಲೋಟದ ತಣ್ಣೀರು ಮುಟ್ಟಿ ಕಿರುಚಿದ. ಸೂಜಿ ಚುಚ್ಚಿದ ಹಾಗೆ ಅಂತೆ, ಹೊಸ ಔಷಧಿ ಶುರುವಾದ ಮೇಲೆ. ನೀರನ್ನೆಲ್ಲ ಬೆಚ್ಚಗೆ ಮಾಡಿ ಕೊಡುತ್ತೇನೆ. ಉಣ್ಣೆಯ ಕೈಗವಸು ಹಾಕಿದ್ದೇನೆ, ಈ ಸೆಖೆಯಲ್ಲಿ. ಬೀದಿಯವರು ನಗುತ್ತಾರೆ. ನಗಲಿ.

ಅಕ್ಟೋಬರ್ 22

ಒಂದೇ ಸಾಲಿನ ಮೇಲೆ ಬೆರಳು ಹಿಂದೆ ಮುಂದೆ, ಹಿಂದೆ ಮುಂದೆ. ಆಮೇಲೆ ಕೆಳತುಟಿಯಿಂದ ಮುಟ್ಟಿ ನೋಡಿದ. ನಾಲ್ಕಾರು ಅಕ್ಷರ ಸಿಕ್ಕವು. ನಾನಿದ್ದೇನೆ ಅಂತ ಗೊತ್ತಾಗಿ ಪುಸ್ತಕ ಮುಚ್ಚಿದ.

"ಕೆಮ್ಮಬಾರದಾ? ಬಾಗಿಲಲ್ಲಿ ಪೋಲೀಸಿನವಳ ಹಾಗೆ ನಿಂತಿದ್ದೀಯ."

ನವೆಂಬರ್ 18, ಸೋಮವಾರ

ಸ್ಕ್ಯಾನ್. ಗಡ್ಡೆ ಅರ್ಧಕ್ಕೆ ಇಳಿದಿದೆ. ಇಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ಅಂತ ತಾವೂ ಅಂದುಕೊಂಡಿರಲಿಲ್ಲ ಅಂದರು ಡಾಕ್ಟರ್. ಆಮೇಲೆ ಒಂದು ಪಿನ್ ತಗೊಂಡು ಅವನ ಬೆರಳ ತುದಿಗೆ ಮೆಲ್ಲಗೆ ಒತ್ತಿದರು. ಎಲ್ಲ ಬೆರಳಿಗೂ.

"ಶುರು ಮಾಡಿ" ಅಂದ ಅವನು.

ಶುರು ಮಾಡಿ ಮುಗಿಸಿಯೂ ಆಗಿತ್ತು.

ಡಾಕ್ಟರ್ ಮಾತು: ಈಗ ಇದನ್ನು ನಿಲ್ಲಿಸಿ, ಇದರ ಜೊತೆ ಕೊಡುತ್ತಿರುವ ಹಗುರ ಔಷಧಿ ಮಾತ್ರ ಮುಂದುವರಿಸಬಹುದು, ಬೆರಳು ಸ್ವಲ್ಪ ಮರಳಿದರೂ ಮರಳಬಹುದು. ಗಡ್ಡೆ ಬೇಗ ಎದ್ದರೂ ಏಳಬಹುದು. ಇಲ್ಲವೇ ಕೆಲಸ ಮಾಡುತ್ತಿರುವಾಗ ಇನ್ನೂ ಒಂದಷ್ಟು ಸಲ ಇದನ್ನೇ ಕೊಡಬಹುದು. ಆಗ ಬೆರಳಿನ ಆಸೆ ಬಿಡಬೇಕು.

ಅಗೋಲ ನನ್ನ ಕಡೆ ತಿರುಗಿದ.

"ಈ ಸಲ ನೀನು ಹೇಳು. ಮೊದಲಿಂದ ನಿನ್ನ ಹೊಟ್ಟೇಲಿ ಏನಿದೆ ಅಂತ ಗೊತ್ತು ನಂಗೆ. ಹೇಳು, ನಾನು ಏನೂ ಅಂದ್ಕೊಳ್ಳಲ್ಲ."

"ಕೊಡಿ" ಅಂದೆ. ಡಾಕ್ಟರನ್ನು ನೋಡಿ ಅಂದೆ. ಅವನ ಮುಖ ನೋಡಲು ಆಗಲಿಲ್ಲ.

"ಸರಿ" ಅಂದ. ಅಷ್ಟೇ.

ಡಿಸೆಂಬರ್ 2

ಪುಸ್ತಕ ಓದಿ ಹೇಳುತ್ತೇನೆ ಅಂದೆ. ಬೇಡ, ನೀನು ಮೀನು ಹರಾಜು ಹಾಕಿದ ಹಾಗೆ ಓದ್ತೀಯ ಅಂದ. ನಕ್ಕ. ಊಟ ಚೆನ್ನಾಗಿ ಮಾಡುತ್ತಾನೆ, ಮೈ ತುಂಬಿಕೊಳ್ಳುತ್ತಿದೆ. ದಿನವಿಡೀ ಗೋಡೆಗೆ ಒರಗಿ ಕೂತಿರುತ್ತಾನೆ.

ಡಿಸೆಂಬರ್ 15, ಭಾನುವಾರ

ಬೆಳಿಗ್ಗೆ ಪಕ್ಕದಲ್ಲಿ ಮಲಗಿಯೇ ಕೈ ಚಾಚಿ ನನ್ನ ಮುಖ ಸವರಿದ. ಹಣೆ, ಮೂಗು, ಕೆನ್ನೆ. ಎಲ್ಲೆಲ್ಲೋ ಹೋಯಿತು ಕೈ, ಕಿವಿ ಹಿಡಿದು ಗದ್ದ ಅಂದ. ಕೆನ್ನೆ ತುಂಬ ನೀರಿತ್ತು. ಬೆರಳೆಲ್ಲ ಒದ್ದೆಯಾಯಿತು, ಅವನಿಗೆ ತಿಳಿಯಲಿಲ್ಲ.

"ಅಳ್ತಿಲ್ಲ ತಾನೇ?"

"ಇಲ್ಲ" ಅಂದೆ.

"ಒಳ್ಳೇದು."

ನಂಬಿಬಿಟ್ಟ. ಮದುವೆಯಾದ ದಿನದಿಂದ ಅವನಿಗೆ ಒಂದು ಸುಳ್ಳು ಹೇಳಿ ಗೆದ್ದವಳಲ್ಲ ನಾನು. ಇನ್ನು ಏನು ಹೇಳಿದರೂ ನಂಬುತ್ತಾನೆ.